ಪಾಲಿಲ್ಲದ ಜ್ವರ

ಡಾಕ್ಟರ್ ಕಾತ್ಯಾಯಿನಿ ನಮ್ಮ ಊರಿಗೆ ಬಂದ ವಾರದಲ್ಲೇ ಜ್ವರ ಹಿಡಿದು ಮಲಗಿದಳು. ಊರಿಗೆಲ್ಲ ಅವಳು ಮೇಡಮ್ಮಾರು. ನನ್ನ ಕೊನೆಯ ಮಗಳಿಗಿಂತ ಚಿಕ್ಕವಳಾದ್ದರಿಂದ ನಾನು ಏಕವಚನದಲ್ಲೇ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬಾರದು. ವಿಶ್ವವಿದ್ಯಾಲಯದವರು ಊರಾಚೆ ಪಾಳುಬಿದ್ದಿದ್ದ ಹತ್ತಿ ಗಿರಣಿಗೆ ಸುಣ್ಣ ಬಳಿಸಿ ಅದರಲ್ಲಿ ಸಾರ್ವಜನಿಕ ಆರೋಗ್ಯದ ಶಾಲೆ ತೆರೆದಿದ್ದರು. ಅಲ್ಲಿ ಪಾಠ ಹೇಳಲು ದಕ್ಷಿಣದ ಕಡೆಯಿಂದ ಬಂದವಳು ಇವಳು. ನಮ್ಮ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ತಂಗೆವ್ವನ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದಳು. ಎದುರು ಮನೆ ನನ್ನದು. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು, ಹಾಗಾಗಿ ಓಣಿಗೆಲ್ಲ ಅಕ್ಕೋರು.

ಅವಳ ಮೈ ಸುಡುತ್ತಿದ್ದ ಆ ಮಧ್ಯಾಹ್ನ ತಂಗೆವ್ವ ತಂಬಿಗೆಯಲ್ಲಿ ನೀರು ಹಿಡಿದು ಮಹಡಿ ಹತ್ತಿದಳು. ಹಿಂದೆ ನಾನು, ನನ್ನ ಹಿಂದೆ ಓಣಿಯ ಮಂದಿ. ತಂಗೆವ್ವ ಆ ತಂಬಿಗೆಯಿಂದ ಅವಳಿಗೆ ಒಂದು ಗುಟುಕು ಕುಡಿಸಿದಳು, ಅದರಿಂದಲೇ ತಾನೂ ಒಂದು ಗುಟುಕು ಕುಡಿದಳು. ಆಮೇಲೆ ಹಣೆಯ ಮೇಲೆ ಕೈಯಿಟ್ಟು, "ನನ್ನ ಪಾಲು ನನಗ ಕೊಡ ತಾಯಿ" ಎಂದಳು. ಒಬ್ಬೊಬ್ಬರಾಗಿ ನಾವೆಲ್ಲ ಹಾಗೇ ಮಾಡಿ ನಮ್ಮ ನಮ್ಮ ಪಾಲು ತೆಗೆದುಕೊಂಡು ಇಳಿದು ಬಂದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾತ್ಯಾಯಿನಿ ಎದ್ದು ಕೂತು ರೊಟ್ಟಿ ಕೇಳಿದಳು.

"ಏನಾಯ್ತು ನನಗೆ?" ಎಂದು ಗಾಬರಿಯಿಂದ ಕೇಳಿದಳು.

"ನಿಮ್ಗೇನೂ ಆಗಿಲ್ರಿ. ನಿಮ್ಮ ಜ್ವರ ಹಂಚಿಕೊಂಡ್ವಿ," ಎಂದಳು ತಂಗೆವ್ವ ಪಲ್ಲೆ ಬಡಿಸುತ್ತ.

"ಹಾಗಾದ್ರೆ ನಿಮಗೆ?"

"ಒಂದ್ ಹೊತ್ತು ಮೈ ಬೆಚ್ಚಗಿರತೈತಿ. ಕಷಾಯ ಕುಡದು ಮಲ್ಕೊಂಡ್ರ ಮುಗೀತು. ನೀವು ಉಣ್ರಿ ಮೊದ್ಲ, ಆರತೈತಿ."

ನಮ್ಮ ಊರಿನಲ್ಲಿ ಜ್ವರ ಬಂದರೆ ಹೀಗೇ. ಅಂಗಡಿಯ ಬಾಗಿಲಿಗೆ 'ಪಾಲಿನಲ್ಲಿದ್ದೇನೆ, ಸಂಜೆ ಬನ್ನಿ' ಎಂದು ಹಲಗೆ ತೂಗುಹಾಕಿದರೆ ಯಾರೂ ಗೊಣಗುತ್ತಿರಲಿಲ್ಲ. ನನ್ನ ಶಾಲೆಯ ಹುಡುಗಿಯರು ಲೆಕ್ಕದ ಪರೀಕ್ಷೆಯ ದಿನವೇ ತಪ್ಪದೆ ಯಾರದಾದರೂ ಪಾಲು ಹೊತ್ತು ಬಂದು ಮುಖ ಸಣ್ಣದು ಮಾಡುತ್ತಿದ್ದರು. ಮುನಸೀಪಾಲ್ಟಿ ಅಧ್ಯಕ್ಷರಿಗೆ ಬರೀ ಮೈ ಬೆಚ್ಚಗಾದರೂ ಮನೆಯ ಮುಂದೆ ಸಾಲು ಹತ್ತುತ್ತಿತ್ತು. ಅರ್ಧ ಸಾಲು ಸರಿಯುವಷ್ಟರಲ್ಲಿ ಜ್ವರವೇ ಮುಗಿದು ಉಳಿದವರು ಬೇಜಾರಿನಿಂದ ಹಿಂದಿರುಗುತ್ತಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರೂ ಜ್ವರ ಬಂದಾಗ ಬರಲೇಬೇಕಿತ್ತು. ಒಮ್ಮೆ ಹಣೆ ಮುಟ್ಟಿದ ಮೇಲೆ ಮುಖ ತಿರುಗಿಸಿಕೊಂಡು ಹೋಗುವುದು ಕಷ್ಟ, ಎಷ್ಟೋ ಜಗಳಗಳು ಹಾಗೇ ಮುಗಿದಿವೆ. ಇನ್ನು ತಂಬಿಗೆಯ ನೀರು ಮನೆತನದ ಮರ್ಯಾದೆ. ಕಾಯಿಲೆಯವರು ಕುಡಿದ ತಂಬಿಗೆಯಿಂದ ಕುಡಿಯದೆ ಬರೀ ಕೈಯಿಟ್ಟು ಹೋದರೆ ಆ ಮನೆಯವರನ್ನು ಬೇರೆಯವರೆಂದು ಎಣಿಸಿದ ಹಾಗೆ.

ಕಾತ್ಯಾಯಿನಿ ಇದನ್ನೆಲ್ಲ ಕಣ್ಣರಳಿಸಿ ನೋಡಿದಳು. ಯಾರ ಪಾಲನ್ನೂ ಮಾತ್ರ ಅವಳು ತೆಗೆದುಕೊಳ್ಳಲಿಲ್ಲ. "ನಾನು ನೋಡೋಕೆ ಬಂದವಳು ಅಕ್ಕೋರೇ. ನೋಡೋರೇ ಒಳಗೆ ಸೇರಿಕೊಂಡ್ರೆ ಯಾವುದು ಏನು ಅಂತ ಗೊತ್ತಾಗಲ್ಲ," ಎನ್ನುತ್ತಿದ್ದಳು. ಅದು ಅವರ ಶಾಲೆಯ ಶಿಸ್ತಂತೆ. ತಂಗೆವ್ವ ಬಿಡುತ್ತಾಳೆಯೇ? ಖಾನಾವಳಿಗೆ ಉಣ್ಣಲು ಬಂದವರೆದುರು, "ನಮ್ಮ ಮೇಡಮ್ಮಾರು ಜ್ವರ ಕೊಡೂದ್ರಾಗ ಭಾಳ ಧಾರಾಳ, ತಗೊಳ್ಳೂದ್ರಾಗ ಅಷ್ಟ ಜಿಪುಣಿ," ಎಂದು ನಗಿಸುತ್ತಿದ್ದಳು. ಕಾತ್ಯಾಯಿನಿಯೂ ನಗುತ್ತಿದ್ದಳು.

ಹುಡುಗಿ ಕೆಲಸದಲ್ಲಿ ಗಟ್ಟಿ. ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಓಣಿ ಓಣಿ ಸುತ್ತಿದಳು. ಚರಂಡಿಗೆ ಕಲ್ಲು ಹಾಸಿಸಿದಳು, ಮುನಸೀಪಾಲ್ಟಿಯವರ ಬೆನ್ನು ಹತ್ತಿ ನೀರಿನ ಟಾಕಿ ತೊಳೆಸಿ ಔಷಧಿ ಹಾಕಿಸಿದಳು. ಎಷ್ಟೋ ತಲೆಮಾರಿನಿಂದ ನಕ್ಷೆಯೇ ಇಲ್ಲದಿದ್ದ ನಮ್ಮ ಊರಿಗೆ ಮೊದಲ ಸಲ ನಕ್ಷೆ ಬರೆದವರೂ ಅವರೇ. ಗಿರಣಿಯ ಗೋಡೆಯ ಮೇಲೆ ನನ್ನ ಮನೆ ಕಡಲೆಕಾಳಿನಷ್ಟು ಕಂಡಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಅವಳು ಬಂದ ಮೇಲೆ ಕೂಸುಗಳು ವಾಂತಿಭೇದಿಯಿಂದ ಸಾಯುವುದು ನಿಂತಿತು. ಅದನ್ನು ಮರೆತು ಮಾತಾಡಿದರೆ ನನ್ನ ಬಾಯಿಗೆ ಹುಳ ಬೀಳಲಿ.

ಅವಳು ಬಂದ ಮೂರನೆಯ ವರ್ಷ, ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ, ಆ ಬೇರೆ ಜ್ವರ ಬಂತು. ಮೊದಮೊದಲು ನಾವು ಲಕ್ಷ್ಯ ಕೊಡಲಿಲ್ಲ. ಜ್ವರ ಬಂದವರದನ್ನು ಹಂಚಿಕೊಂಡೆವು, ಅವರು ಎದ್ದು ಓಡಾಡಿದರು. ಆದರೆ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಪಾಲು ತೆಗೆದುಕೊಂಡವರೇ ಒಬ್ಬೊಬ್ಬರಾಗಿ ಮಲಗತೊಡಗಿದರು. ಅದು ಪಾಲಿನ ಬಿಸುಪಲ್ಲ, ಅವರದೇ ಆದ ಇಡೀ ಜ್ವರ. ಅವರದನ್ನು ಹಂಚಿಕೊಳ್ಳಲು ಬೇರೆಯವರು ಹೋದರು, ಅವರೂ ಮಲಗಿದರು. ಊರಿಗೆ ಊರೇ ಜ್ವರದಲ್ಲಿ ಕುದಿಯುತ್ತಿತ್ತು. ಮಗ್ಗ ನಿಂತವು, ಸಂತೆಯಲ್ಲಿ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಪಾಲು ಹೊರಲು ಗಟ್ಟಿ ಮೈಯವರು ಸಿಗದೆ ಕುಂಬಾರ ಓಣಿಯಲ್ಲಿ ಒಂದು ಕೂಸು ಹೋಯಿತು. ಅದರ ಬೆನ್ನಿಗೇ ಬಾಣಂತಿಯೊಬ್ಬಳು ಹೋದಳು. ಶಾಲೆಯವರು ಕೊಟ್ಟ ಗುಳಿಗೆ ಒಳ್ಳೆಯದೇ ಇತ್ತು, ಆದರೆ ಕೆಲಸ ಮಾಡಲು ಅದಕ್ಕೆ ಸಮಯ ಬೇಕು. ಆ ಸಮಯವನ್ನು ಮೈಗೆ ಒದಗಿಸುತ್ತಿದ್ದದ್ದೇ ಪಾಲು. ಹೊರುವವರೆಲ್ಲ ಮಲಗಿಬಿಟ್ಟರೆ ಗತಿಯೇನು ಎಂದು ಎಲ್ಲರೂ ಕೇಳುತ್ತಿದ್ದರು.

ಕಾತ್ಯಾಯಿನಿ ಮೊದಲು ನೀರನ್ನೇ ಅನುಮಾನಿಸಿದಳು. ಟಾಕಿಯ ನೀರು, ಬಾವಿಗಳ ನೀರು, ನಲ್ಲಿಯ ನೀರು ಎಲ್ಲವನ್ನೂ ಶೀಶೆಯಲ್ಲಿ ತುಂಬಿ ಪರೀಕ್ಷೆ ಮಾಡಿಸಿದಳು. ಎಲ್ಲಿಯೂ ದೋಷವಿರಲಿಲ್ಲ. ನೀರಿನ ಮೇಲಿನ ಅನುಮಾನವನ್ನು ಅವಳು ಬಿಟ್ಟಳು. ಆಮೇಲೆ ನಕ್ಷೆಯ ಮುಂದೆ ಕೂತು ಮಲಗಿದವರ ಮನೆಗಳನ್ನೆಲ್ಲ ಗುರುತು ಹಾಕಿದಳು. ಪ್ರತಿಯೊಬ್ಬರೂ ಜ್ವರ ಬರುವ ಮೊದಲು ಯಾರದೋ ಪಾಲು ತೆಗೆದುಕೊಳ್ಳಲು ಹೋಗಿದ್ದವರೇ. ಹೋಗದವರು ಆರಾಮವಾಗಿದ್ದರು. ಇನ್ನೇನು ಬೇಕು? ನಾವು ಪ್ರೀತಿಯೆಂದು ಮಾಡುತ್ತಿದ್ದುದೇ ಜ್ವರವನ್ನು ಮನೆಯಿಂದ ಮನೆಗೆ ದಾಟಿಸುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಗಿರಣಿಯ ಅಂಗಳದಲ್ಲಿ ಊರನ್ನೆಲ್ಲ ಸೇರಿಸಿದಳು. ಅವಳ ಮಾತು ಸ್ಪಷ್ಟವಾಗಿತ್ತು. "ಮುಂದಿನ ಅಮಾವಾಸ್ಯೆವರೆಗೆ ಯಾರೂ ಯಾರ ಪಾಲನ್ನೂ ತಗೋಬೇಡಿ. ಗಂಡ ಹೆಂಡತೀದು ತಗೋಬಾರದು, ತಾಯಿ ಮಗೂದು ತಗೋಬಾರದು. ಅವರವರ ಜ್ವರ ಅವರವರ ಹತ್ರನೇ ಇರಲಿ. ಔಷಧಿ ನಾವು ಕೊಡ್ತೀವಿ. ಒಂದೇ ಒಂದು ತಿಂಗಳು ತಡ್ಕೊಳ್ಳಿ, ಇದು ಊರು ಬಿಟ್ಟು ಹೋಗುತ್ತೆ."

ಗುಜುಗುಜು ಎದ್ದಿತು. ಹಣೆ ಮುಟ್ಟಬೇಡ ಎಂದು ನಮ್ಮ ಊರಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಆಗ ಎದ್ದು ನಿಂತವಳು ತಂಗೆವ್ವ. "ಒಂದು ಮಾತು ಕೇಳ್ತೀನ್ರಿ ಮೇಡಮ್ಮಾರ. ಉಪಚಾರ ಗಿಪಚಾರ ಏನೂ ಬ್ಯಾಡ. ತಂಬಿಗಿ ನೀರೂ ಬ್ಯಾಡ. ಸುಮ್ಮ ಬಂದು ಕೈ ಇಟ್ಟು ಹೋದ್ರ ನಡೀತೈತೇನ್ರಿ?"

ಗಿರಾಕಿಯೊಬ್ಬ ಪಲ್ಲೆ ಬೇಡ, ಬರೀ ರೊಟ್ಟಿಗೆ ಎಷ್ಟು ಎಂದು ಕೇಳುವ ಹಾಗೆ ಅವಳು ಚೌಕಾಸಿ ಮಾಡಿದ್ದಳು, ಅಷ್ಟೇ. ಜನ ನಕ್ಕರು.

"ಇಲ್ಲ ತಂಗೆವ್ವ," ಎಂದಳು ಕಾತ್ಯಾಯಿನಿ. "ಅರ್ಧಂಬರ್ಧ ಬಿಟ್ರೆ ಯಾವುದರಿಂದ ಏನಾಯ್ತು ಅಂತ ನನಗೆ ತಿಳಿಯೋದೇ ಇಲ್ಲ. ಬಿಟ್ರೆ ಪೂರ್ತಿ ಬಿಡಬೇಕು."

"ಆತು ಬಿಡ್ರಿ. ನಾ ಮಾತು ಕೊಟ್ಟೆ. ನಮ್ಮ ಓಣ್ಯಾಗ ಯಾರರೆ ಕೈ ಚಾಚಿದ್ರ ನಾನ ಮುರೀತೀನಿ," ಎಂದಳು ತಂಗೆವ್ವ. ಅವಳು ಒಪ್ಪಿದ ಮೇಲೆ ಊರು ಒಪ್ಪಿತು. ಅವಳ ಕೈರೊಟ್ಟಿ ತಿನ್ನದವರು ಊರಲ್ಲಿ ಯಾರಿದ್ದರು?

ಮರುದಿನದಿಂದ ಜ್ವರವಿದ್ದ ಮನೆಗಳ ಬಾಗಿಲಲ್ಲಿ ಶಾಲೆಯ ವಿದ್ಯಾರ್ಥಿಗಳು ನಿಂತರು. ನಾವು ಹೊಸ್ತಿಲಾಚೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಹೆಂಗೈತಿ?" ಎಂದು ಕೇಳಿ ಬರುತ್ತಿದ್ದೆವು. ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ನಮಗೆ ತಿಳಿಯುತ್ತಿರಲಿಲ್ಲ. ಹೊಸದಾಗಿ ಮಲಗುವವರು ದಿನದಿಂದ ದಿನಕ್ಕೆ ಕಡಿಮೆಯಾದರು. ಕಾತ್ಯಾಯಿನಿಯ ಲೆಕ್ಕ ಸರಿಯಾಗಿಯೇ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ತಂಗೆವ್ವನ ಮೈ ಬಿಸಿಯಾಯಿತು.

ನಿಷೇಧಕ್ಕೆ ಮೊದಲೇ ಅವಳು ಯಾರದೋ ಪಾಲಿಗೆ ಹೋಗಿದ್ದಳು, ಅದೀಗ ಕಾಣಿಸಿಕೊಂಡಿತ್ತು. ವಯಸ್ಸು ಐವತ್ತರ ಹತ್ತಿರ. ಹೊಗೆಯಲ್ಲಿ ಬೆಂದ ಎದೆ, ಒಳಗೆ ಅಷ್ಟು ಗಟ್ಟಿಯಿರಲಿಲ್ಲ. ಪಕ್ಕದ ಓಣಿಗೆ ಮದುವೆಯಾಗಿ ಹೋಗಿದ್ದ ಮಗಳು ದಾನಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿ ಬಂದಳು. ಬಾಗಿಲಲ್ಲಿದ್ದ ವಿದ್ಯಾರ್ಥಿಯನ್ನು ದಬ್ಬಿ ಒಳನುಗ್ಗಿ, "ಅವ್ವಾ, ನಾನರ ತಗೋತೀನಿ" ಎಂದು ಕೈ ಚಾಚಿದಳು. ತಂಗೆವ್ವ ಮುಖ ಗೋಡೆಗೆ ತಿರುಗಿಸಿದಳು. "ಹಾಲು ಕುಡಿಯೂ ಕೂಸು ಐತಿ ನಿನಗ. ಮ್ಯಾಲ ಎಲ್ಲಾರ ಮುಂದ ಮಾತು ಕೊಟ್ಟು ಬಂದೀನಿ. ಇಷ್ಟು ದಿನ ಮಂದೀದು ಚೂರು ಚೂರು ತಿಂದೀನಿ, ಇಡೀ ಜ್ವರ ಹೆಂಗಿರತೈತಿ ನೋಡೇ ಬಿಡ್ತೀನಿ" ಎಂದು ನಗಲು ನೋಡಿದಳು.

ಕಾತ್ಯಾಯಿನಿ ಶಾಲೆಗೆ ಹೋಗುವುದನ್ನು ಬಿಟ್ಟು ಅವಳ ಪಕ್ಕದಲ್ಲೇ ಕೂತಳು. ಗುಳಿಗೆ ನುಂಗಿಸಿದಳು, ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿದಳು. ತಣ್ಣೀರ ಬಟ್ಟೆಯನ್ನು ಹಿಂಡಿ ಹಣೆಯ ಮೇಲೆ ಹರಡುವಾಗ ಬಟ್ಟೆಯ ಎರಡು ಅಂಚುಗಳನ್ನಷ್ಟೇ ಹಿಡಿಯುತ್ತಿದ್ದಳು, ಬೆರಳು ಹಣೆಗೆ ತಗಲದ ಹಾಗೆ. ಹೊಸ್ತಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ಒಮ್ಮೆ ತಂಗೆವ್ವ ಕಣ್ಣು ಮುಚ್ಚಿಕೊಂಡೇ, "ನಿಮ್ಮ ಕೈ ಎಷ್ಟು ನಾಜೂಕು ರೀ ಮೇಡಮ್ಮಾರ, ಬಟ್ಟಿ ಅಂಚಷ್ಟ ಹಿಡೀತಾವು" ಎಂದಳು. ಅದರಲ್ಲಿ ಕುಹಕವಿರಲಿಲ್ಲ, ಅವಳಿಗೆ ಕುಹಕ ಬರುತ್ತಲೂ ಇರಲಿಲ್ಲ. ಕಾತ್ಯಾಯಿನಿಯ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಇಟ್ಟುಬಿಡಲೇ ಎಂದು ಅವಳಿಗೆ ಆ ಗಳಿಗೆಯಲ್ಲಿ ಅನಿಸಿತಂತೆ. ತಾನೇ ಹಾಕಿದ ಕಟ್ಟನ್ನು ತಾನೇ ಮುರಿದರೆ ಬಾಗಿಲಲ್ಲಿ ನಿಂತಿರುವ ಇಡೀ ಓಣಿ ಒಳಗೆ ನುಗ್ಗುತ್ತದೆ, ಇಡೀ ಊರು ಮತ್ತೆ ಮಲಗುತ್ತದೆ ಎಂದುಕೊಂಡು ಕೈ ಹಿಂದೆ ತೆಗೆದುಕೊಂಡಳಂತೆ. ಇದನ್ನೆಲ್ಲ ಅವಳೇ ನನಗೆ ಆಮೇಲೆ ಹೇಳಿದ್ದು.

ಅಮಾವಾಸ್ಯೆಗೆ ಇನ್ನೂ ಕೆಲವು ದಿನಗಳಿರುವಾಗ, ಬೆಳಗಿನ ರೊಟ್ಟಿಯ ಹೊತ್ತಿಗೆ, ತಂಗೆವ್ವ ಹೋದಳು. ದಿನವೂ ಅವಳ ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುತ್ತಿದ್ದ ಓಣಿ ಆ ದಿನ ದಾನಮ್ಮನ ಅಳುವಿಗೆ ಎದ್ದಿತು. ಮಣ್ಣು ಮಾಡಿ ಬಂದ ಮೇಲೆ ನಾವು ನಮ್ಮ ನಮ್ಮ ಅಂಗೈ ನೋಡಿಕೊಂಡು ಕೂತೆವು. ಅವುಗಳಿಗೆ ಏನೂ ಆಗಿರಲಿಲ್ಲ.

ಅಮಾವಾಸ್ಯೆ ಕಳೆಯಿತು. ಜ್ವರ ಊರು ಬಿಟ್ಟಿತು, ಕಾತ್ಯಾಯಿನಿ ಹೇಳಿದ ಹಾಗೆಯೇ. ಕುಲಪತಿಗಳು ಬಂದು ಗಿರಣಿಯ ಅಂಗಳದಲ್ಲೇ ಶಾಲು ಹೊದಿಸಿ ಭಾಷಣ ಮಾಡಿದರು, ಪತ್ರಿಕೆಯಲ್ಲಿ ಫೋಟೋ ಬಂತು. ಕೆಲವರನ್ನು ಕಳೆದುಕೊಂಡರೂ ನೂರಾರು ಜನ ಉಳಿದರು ಎಂದು ಅವರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮಾತು ನಿಜವೇ ಇತ್ತಲ್ಲ. ಕಾತ್ಯಾಯಿನಿ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದುಃಖವಿತ್ತು, ಆದರೆ ಮಾಡಿದ್ದು ಸರಿ ಎಂಬ ಆಸರೆ ಆಗಿನ್ನೂ ಅವಳಿಗಿತ್ತು.

ಆ ಆಸರೆ ಹೋದದ್ದು ನೇಕಾರ ಓಣಿಯಲ್ಲಿ. ಎಲ್ಲವನ್ನೂ ವಿವರವಾಗಿ ಬರೆಯಬೇಕೆಂದು ಅವಳು ಮತ್ತೆ ನಕ್ಷೆಯ ಮುಂದೆ ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಿಷೇಧದ ತಿಂಗಳಲ್ಲಿ ನೇಕಾರರ ಓಣಿಯಲ್ಲೂ ಬೇರೆ ಕಡೆಯಷ್ಟೇ ಜನ ಮಲಗಿದ್ದರು, ಆದರೆ ಎಲ್ಲರೂ ಬೇಗ ಬೇಗ ಎದ್ದಿದ್ದರು. ಅಲ್ಲಿ ಒಬ್ಬರೂ ಸತ್ತಿರಲಿಲ್ಲ, ಅಲ್ಲಿಂದಲೂ ಜ್ವರ ಹೋಗಿತ್ತು. ಗುಳಿಗೆ ಅವರಿಗೆ ಚೆನ್ನಾಗಿ ಹಿಡಿಸಿತೇನೋ ಎಂದುಕೊಂಡು, ಕೇಳಿ ಬರೋಣವೆಂದು ಹೋದಳು. ಓಣಿಗೆ ಹಿರಿಯನಾದ ಈರಪ್ಪಜ್ಜ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೊದಲು ಮಾತು ಹಾರಿಸಿದ. ಬೈಯುವುದಿಲ್ಲವೆಂದು ಅವಳು ಆಣೆ ಮಾಡಿದ ಮೇಲೆ ಬಾಯಿ ಬಿಟ್ಟ.

"ಸಿಟ್ಟಾಗಬ್ಯಾಡ್ರಿ ಮೇಡಮ್ಮಾರ. ನಮ್ಮ ಮಂದಿ ನಿಮ್ಮ ಮಾತು ಕೇಳಲಿಲ್ಲ. ಹಿತ್ತಲ ಗ್ವಾಡಿ ಜಿಗದು ಹೋಗಿ ಪಾಲು ತಗೊಂಡೀವಿ."

"ಎಲ್ಲರೂ?"

"ಎಲ್ಲಾರೂ ರೀ. ಮನಸ್ಸು ತಡೀಬೇಕಲ್ಲ."

"ಮತ್ತೆ ಪಾಲು ತಗೊಂಡದ್ದರಿಂದ ಯಾರಿಗೂ ಜ್ವರ ಬರಲಿಲ್ವಾ?"

"ಇಲ್ಲ್ರೀ. ಒಂದ್ ಹೊತ್ತು ಮೈ ಬೆಚ್ಚಗಾತು, ಹೋತು. ಯಾವಾಗ್ಲೂ ಹಂಗ ಅಲ್ಲೇನ್ರಿ?"

ಅವಳಿಗೆ ಏನೋ ಹೊಳೆಯಿತು. "ಅಜ್ಜಾ, ತಂಬಿಗೆಯಿಂದ ನೀರು ಕುಡಿದ್ರಾ?" ಎಂದು ಕೇಳಿದಳು.

ಮುದುಕ ನಾಚಿದ. "ಅದೊಂದು ಮಾತ್ರ ತಪ್ಪಾತು ನೋಡ್ರಿ. ನಿಮ್ಮ ಹುಡುಗ್ರು ಬಾಗಲದಾಗ ನಿಂತಿದ್ರು. ನೀರ ಕೊಡ ಇರೂದು ಪಡಸಾಲ್ಯಾಗ, ಅವ್ರ ಕಣ್ಣ ಮುಂದ. ತಂಬಿಗಿ ತುಂಬ್ಕೊಂಡು ಬಂದ್ರ ಸಿಕ್ಕಿ ಬೀಳ್ತೀವಿ ಅಂತ ಬರಿಗೈಲೆ ಬಂದು ಪಾಲು ತಗೊಂಡು ಹೋದ್ವಿ. ಮರ್ಯಾದಿ ಬಿಟ್ಟು ಮಾಡಿದ ಕೆಲಸ ಬಿಡ್ರಿ."

ಅಲ್ಲಿಂದ ಅವಳು ನೇರವಾಗಿ ನನ್ನ ಮನೆಗೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತು, "ಕೈ ಅಲ್ಲ ಅಕ್ಕೋರೇ, ತಂಬಿಗೆ," ಎಂದಳು. ನನಗೆ ಅರ್ಥವಾಗಲಿಲ್ಲ. ಕೂರಿಸಿ ಮಜ್ಜಿಗೆ ಕೊಟ್ಟೆ, ಮುಟ್ಟಲಿಲ್ಲ. ಹಾಗೇ ಬಿಡಿಸಿ ಹೇಳಿದಳು. ಟಾಕಿಯ ನೀರು ಶುದ್ಧವಿತ್ತು, ಬಾವಿಯ ನೀರೂ ಶುದ್ಧವಿತ್ತು. ಕಾಯಿಲೆಯವರ ತುಟಿ ತಗಲಿದ ಮೇಲೆ ತಂಬಿಗೆಯೊಳಗಿನ ನೀರು ಕೆಡುತ್ತಿತ್ತು. ನಾವೆಲ್ಲ ಸಾಲಾಗಿ ಅದನ್ನೇ ಕುಡಿದು ಬರುತ್ತಿದ್ದೆವು. ಪಾಲಿಗೂ ಆ ಜ್ವರ ದಾಟುವುದಕ್ಕೂ ಸಂಬಂಧವೇ ಇರಲಿಲ್ಲ. ಎರಡೂ ಒಟ್ಟಿಗೇ ನಡೆಯುತ್ತಿದ್ದುದರಿಂದ ಅವಳು ಎರಡನ್ನೂ ಒಟ್ಟಿಗೇ ನಿಲ್ಲಿಸಿದ್ದಳು. ತಂಬಿಗೆಯೊಂದನ್ನು ನಿಲ್ಲಿಸಿದ್ದರೆ ಸಾಕಿತ್ತು.

"ನಿನಗ ಗೊತ್ತಿರಲಿಲ್ಲಲ್ಲವ್ವ," ಎಂದೆ. ನನಗೆ ತೋಚಿದ ಸಮಾಧಾನ ಅಷ್ಟೇ.

"ಅವರು ಕೇಳಿದ್ರು ಅಕ್ಕೋರೇ. ಎಲ್ಲರ ಎದುರಿಗೆ ಎದ್ದು ನಿಂತು ಕೇಳಿದ್ರು. ನೀರು ಬೇಡ, ಬರೀ ಕೈಯಿಟ್ಟು ಹೋದ್ರೆ ನಡೆಯುತ್ತಾ ಅಂತ. ಎರಡನ್ನೂ ಬೇರೆ ಮಾಡಿ ನೋಡೋದೇ ನನ್ನ ವಿದ್ಯೆ, ಅದನ್ನೇ ನಾನು ಹುಡುಗರಿಗೆ ಪಾಠ ಹೇಳೋದು. ತಂಗೆವ್ವ ಬೇರೆ ಮಾಡಿ ಕೈಗೇ ಕೊಟ್ರು. ನಾನು ಬೇಡ ಅಂದೆ."

ಆಗ ಅವಳು ಅತ್ತಳು. ನಾನೂ ಅತ್ತೆ. ಆ ಪ್ರಶ್ನೆಗೆ ಊರೆಲ್ಲ ನಕ್ಕಿತ್ತಲ್ಲ, ಆ ನಗೆ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾತ್ಯಾಯಿನಿ ಸುಮ್ಮನಿರಲಿಲ್ಲ. ಮೊದಲು ದಾನಮ್ಮನಿಗೆ ಹೇಳಿದಳು. ತಾಯಿಯ ಖಾನಾವಳಿಯನ್ನು ಈಗ ಅವಳೇ ನಡೆಸುತ್ತಿದ್ದಳು, ಹಂಚಿನ ಮುಂದೆ ಕೂತಿದ್ದಳು. ಪೂರ್ತಿ ಕೇಳಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು, ಅದನ್ನು ತೆಗೆದು ಪಕ್ಕಕ್ಕೆಸೆದು, "ಹೇಳದಿದ್ರ ನಡೀತಿತ್ತಲ್ರಿ" ಎಂದಳು. ಅಷ್ಟೇ, ಆಮೇಲೆ ಅವಳೊಡನೆ ಮಾತು ಬಿಟ್ಟಳು. ಎರಡು ಹೊತ್ತೂ ರೊಟ್ಟಿ ಪಲ್ಲೆಯ ತಟ್ಟೆ ಮಾತ್ರ ಮಹಡಿಯ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತು. ಆ ಊಟ ನುಂಗುವುದು ಎಷ್ಟು ಕಷ್ಟವಾಗಿತ್ತೋ ಅವಳಿಗೇ ಗೊತ್ತು. ಮುಂದಿನ ವಾರ ಕಾತ್ಯಾಯಿನಿ ಗಿರಣಿಯ ಅಂಗಳದಲ್ಲಿ ಊರಿಗೆಲ್ಲ ಹೇಳಿದಳು. ಪಾಲು ತೆಗೆದುಕೊಳ್ಳಿ, ತಂಬಿಗೆ ಬೇಡ, ತಪ್ಪು ನನ್ನದು ಎಂದಳು. ಕೆಲವರು ಬೈದರು. ಹೆಚ್ಚಿನವರು ತಲೆ ತಗ್ಗಿಸಿ ಮನೆಗೆ ಹೋದರು. ಶಾಲೆಯ ದೊಡ್ಡವರಿಗೆ ಸಿಟ್ಟು ಬಂದು ಅವಳನ್ನು ಬೇರೆ ಊರಿಗೆ ಕಳಿಸುವ ಮಾತಾಡಿದರು. ಇಲ್ಲೇ ಇರುತ್ತೇನೆಂದು ಹಟ ಹಿಡಿದು ಅವಳು ಉಳಿದಳು.

ನಾವು ಮತ್ತೆ ಪಾಲು ತೆಗೆದುಕೊಳ್ಳತೊಡಗಿದೆವು, ಮೊದಲಿನ ಹಾಗಲ್ಲ. ಹಣೆಯ ಹತ್ತಿರ ಹೋದ ಕೈ ಒಂದು ಕ್ಷಣ ಅನುಮಾನಿಸುತ್ತಿತ್ತು. ತಂಬಿಗೆ ಇಲ್ಲದ್ದಕ್ಕೆ ಏನು ಮಾತಾಡಬೇಕೆಂದು ತಿಳಿಯದೆ ಬೇಗ ಎದ್ದು ಬರುತ್ತಿದ್ದೆವು. ಕಾತ್ಯಾಯಿನಿ ಮಾತ್ರ ಯಾರ ಮನೆಯ ಒಳಗೂ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಔಷಧಿ ಕೊಟ್ಟು ಬರುತ್ತಿದ್ದಳು.

ಮಳೆಗಾಲದಲ್ಲಿ ದಾನಮ್ಮನ ಕೂಸು ನೀರಿನಲ್ಲಿ ಆಡಿ ಜ್ವರ ಬರಿಸಿಕೊಂಡಿತು. ಮಕ್ಕಳಿಗೆ ಬರುವ ಸಾದಾ ಜ್ವರ. ಓಣಿಯವರೆಲ್ಲ ಹೋದೆವು. ನನ್ನ ಪಾಲು ತೆಗೆದುಕೊಂಡು ಎದ್ದಾಗ ಮೆಟ್ಟಿಲ ಬುಡದಲ್ಲಿ ಕಾತ್ಯಾಯಿನಿ ಗುಳಿಗೆಯ ಪೊಟ್ಟಣ ಹಿಡಿದು ನಿಂತಿರುವುದು ಕಂಡಿತು. ದಾನಮ್ಮನೂ ನೋಡಿದಳು. ಆಮೇಲೆ ಕೂಸನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, "ಬರ್ರಿ. ಕೈ ಇಡ್ರಿ," ಎಂದಳು. ಧ್ವನಿಯಲ್ಲಿ ಪ್ರೀತಿಯೇನೂ ಇರಲಿಲ್ಲ.

ಕಾತ್ಯಾಯಿನಿ ಬಂದು ಮಂಡಿಯೂರಿ ಕೂತಳು. ಏನೋ ದೊಡ್ಡ ಭಾರ ಬಂದು ಬೀಳುತ್ತದೆಂದು ಕಾದಿರುವವಳ ಹಾಗೆ ಭುಜ ಬಿಗಿಹಿಡಿದು, ಕಣ್ಣು ಮುಚ್ಚಿ, ಪುಟ್ಟ ಹಣೆಯ ಮೇಲೆ ಅಂಗೈ ಇಟ್ಟಳು. ಹೇಳಬೇಕಾದ ಮಾತನ್ನು ನಾನೇ ಹೇಳಿಕೊಟ್ಟೆ, ಅವಳು ಮೆಲ್ಲಗೆ "ನನ್ನ ಪಾಲು ನನಗೆ ಕೊಡು ಕಂದ" ಎಂದಳು. ಅಂಗೈ ಬೆಚ್ಚಗಾಯಿತು, ಬಿಸಿ ಮಣಿಕಟ್ಟಿಗೆ ಏರಿತು, ಮೊಣಕೈವರೆಗೆ ಬಂದು ನಿಂತಿತು. ಚಹದ ಲೋಟ ಹಿಡಿದುಕೊಂಡಷ್ಟು ಬಿಸಿ. ಇನ್ನೂ ಬರುವುದಿದೆಯೆಂದು ಅವಳು ಕಾದಳು. ಬರಲಿಲ್ಲ. ಕೂಸು ಕಣ್ಣು ಬಿಟ್ಟು ಅವಳ ಬೆರಳು ಹಿಡಿದುಕೊಂಡಿತು.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು, ದಾನಮ್ಮನನ್ನು ನೋಡಿದಳು.

"ಇಷ್ಟೇನಾ?" ಎಂದಳು. "ಇಷ್ಟೇ ಇತ್ತಾ?"

"ಹೂಂ ರೀ," ಎಂದಳು ದಾನಮ್ಮ. "ಇಷ್ಟ."